ಮಾನಿಟರ್ ಕೊಳ್ಳುವ ಮೊದಲು ಅದರ ಬೆನ್ನು ನೋಡಿ

ಹಾಸನದ ಯಾವುದಾದರೂ ಕಂಪ್ಯೂಟರ್ ಅಂಗಡಿಗೆ ಹೋಗಿ ಹತ್ತು ಸಾವಿರದ ಒಳಗೆ ಒಂದು ಮಾನಿಟರ್ ತೋರಿಸಿ ಅಂದರೆ, ಮೊದಲು ಬರುವ ಪ್ರಶ್ನೆ ‘ಎಷ್ಟು ಇಂಚು ಬೇಕು ಸಾರ್?’ ಅನ್ನುವುದು. ನಾವೂ ಇಂಚು ಹೇಳುತ್ತೇವೆ. ಆನ್ ಮಾಡಿಸಿ ಬಣ್ಣ ನೋಡುತ್ತೇವೆ, ಚೌಕಾಸಿ ಮಾಡುತ್ತೇವೆ, ಡಬ್ಬ ಕಟ್ಟಿಸಿಕೊಂಡು ಬರುತ್ತೇವೆ. ಹಿಂದೆ ಯಾವ ಯಾವ ಪೋರ್ಟ್, ಅಂದರೆ ಕೇಬಲ್ ಚುಚ್ಚುವ ತೂತು, ಇದೆ ಅಂತ ತಿರುಗಿಸಿ ನೋಡುವವರು ಕಡಿಮೆ. ಸಕಲೇಶಪುರಕ್ಕೋ ಅರಸೀಕೆರೆಗೋ ವಾಪಸ್ ಬಂದು ಡಬ್ಬ ಬಿಚ್ಚಿದ ಮೇಲೆ ಗೊತ್ತಾಗುತ್ತದೆ, ಸಿಪಿಯು ಪೋರ್ಟಿಗೂ ಮಾನಿಟರ್ ಪೋರ್ಟಿಗೂ ತಾಳೆಯೇ ಇಲ್ಲ ಅಂತ. ಆಮೇಲೆ ಒಂದು ಕನ್ವರ್ಟರ್‌ಗಾಗಿ ಮತ್ತೆ ಬಸ್ ಹತ್ತಬೇಕು.

ಈ ಬೆಲೆಯ 22, 24 ಇಂಚಿನ ಮಾನಿಟರ್‌ಗಳಲ್ಲಿ ಪರದೆ ಬಹುಪಾಲು ಒಂದೇ ಥರ. ಫುಲ್ ಎಚ್‌ಡಿ, ಅಂದರೆ ಅಡ್ಡಕ್ಕೆ 1920 ಚುಕ್ಕೆ, ಮೇಲಿಂದ ಕೆಳಗೆ 1080. ಕಂಪನಿಗಳು ಖರ್ಚು ಉಳಿಸುವುದು ಬೇರೆ ಕಡೆ. ಸ್ಟ್ಯಾಂಡ್‌ನಲ್ಲಿ, ಸ್ಪೀಕರ್‌ನಲ್ಲಿ, ಹಿಂದಿನ ಪೋರ್ಟ್‌ಗಳಲ್ಲಿ. ಒಂದು ಮಾಡೆಲ್‌ಗೆ ಎಚ್‌ಡಿಎಂಐ ಮತ್ತು ವಿಜಿಎ ಕೊಟ್ಟಿರುತ್ತಾರೆ. ಪಕ್ಕದ್ದಕ್ಕೆ ವಿಜಿಎ ಬದಲು ಡಿಸ್‌ಪ್ಲೇಪೋರ್ಟ್ ಇರುತ್ತದೆ. ಮುಂದಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಒಳ್ಳೆಯ ಮಾನಿಟರ್ ವರ್ಷಗಟ್ಟಲೆ ಬಾಳುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ ಒಂದೆರಡು ಸಲ ಬದಲಾಗುತ್ತದೆ. ಹಾಗಾಗಿ ಒಂದಿಂಚು ಕಡಿಮೆಯಾದರೂ ಪರವಾಗಿಲ್ಲ, ಪೋರ್ಟ್ ಸರಿಯಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಹೆಜ್ಜೆ: ನಿಮ್ಮ ಸಿಪಿಯು ಹಿಂದೆ ಟಾರ್ಚ್ ಬಿಡಿ

ಅಂಗಡಿಗೆ ಹೊರಡುವ ಮೊದಲು ಮನೆಯ ಕಂಪ್ಯೂಟರ್‌ನ ಹಿಂಭಾಗದ ಫೋಟೋ ತೆಗೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಆದರೆ ಎರಡೂ ಪಕ್ಕದ್ದು. ಬಾಯಲ್ಲಿ ವಿವರಿಸುವುದಕ್ಕಿಂತ ಫೋಟೋ ತೋರಿಸಿದರೆ ಕೆಲಸ ಬೇಗ ಆಗುತ್ತದೆ.

ಗುರುತು ಹಿಡಿಯುವುದು ಸುಲಭ. ನೀಲಿ ಬಣ್ಣ, ಮೂರು ಸಾಲಿನಲ್ಲಿ 15 ತೂತು, ಎರಡು ಪಕ್ಕದಲ್ಲಿ ಸ್ಕ್ರೂ ಕೂರುವ ಜಾಗ ಇದ್ದರೆ ಅದು ವಿಜಿಎ. ಟಿವಿಗೆ ಸೆಟ್‌ಟಾಪ್ ಬಾಕ್ಸ್‌ನಿಂದ ಹೋಗುತ್ತದಲ್ಲ, ಕೆಳಗಿನ ಎರಡೂ ಮೂಲೆ ಒಳಗೆ ಸರಿದಿರುವ ಚಪ್ಪಟೆ ಪೋರ್ಟ್, ಅದು ಎಚ್‌ಡಿಎಂಐ. ನೋಡಲು ಅದರಂತೆಯೇ ಇದ್ದು ಒಂದೇ ಮೂಲೆ ಕತ್ತರಿಸಿದಂತಿದ್ದರೆ ಡಿಸ್‌ಪ್ಲೇಪೋರ್ಟ್. ಬಿಳಿ ಬಣ್ಣದ, ಅಗಲವಾದ, ತುಂಬ ತೂತುಗಳ ಪೋರ್ಟ್ ಡಿವಿಐ. ಮೊಬೈಲ್ ಚಾರ್ಜರ್ ಚುಚ್ಚುವಂಥದ್ದು ಟೈಪ್-ಸಿ.

ನಮ್ಮ ಕಡೆ ಸಾಮಾನ್ಯವಾಗಿ ಸಿಗುವುದು ಮೂರು ನಾಲ್ಕು ಥರದ ಯಂತ್ರಗಳು. ಹೊಸದಾಗಿ ಅಸೆಂಬಲ್ ಮಾಡಿಸಿದ ಕಡಿಮೆ ಬೆಲೆಯ ಸಿಪಿಯು ಆದರೆ ಎಚ್‌ಡಿಎಂಐ, ವಿಜಿಎ ಎರಡೂ ಇರುತ್ತವೆ. ಈಗಿನ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಮತ್ತು ಟೈಪ್-ಸಿ. ತೋಟದ ಮನೆಗೆ ಹಾಕಿಸಿದ ಸಿಸಿಟಿವಿಯ ಡಿವಿಆರ್‌ನಲ್ಲಿ, ಅಂದರೆ ಕ್ಯಾಮೆರಾ ಚಿತ್ರ ಉಳಿಸಿಡುವ ಪೆಟ್ಟಿಗೆಯಲ್ಲಿ, ಎಚ್‌ಡಿಎಂಐ, ವಿಜಿಎ. ನಾಲ್ಕನೆಯದನ್ನು ಮಾತ್ರ ಗಮನವಿಟ್ಟು ನೋಡಬೇಕು. ದೊಡ್ಡ ಕಂಪನಿಗಳ ಆಫೀಸಿನಲ್ಲಿ ದುಡಿದು, ಸೆಕೆಂಡ್ ಹ್ಯಾಂಡ್ ಆಗಿ ಬೆಂಗಳೂರಿನಿಂದ ಬರುವ ಸಿಪಿಯುಗಳು ಇವು. ಡಿಟಿಪಿ ಸೆಂಟರ್, ಟ್ಯೂಷನ್ ಸೆಂಟರ್‌ನವರು ಜಾಸ್ತಿ ಕೊಳ್ಳುವುದು ಇವನ್ನೇ. ಇಂಥವುಗಳಲ್ಲಿ, ಉದಾಹರಣೆಗೆ ಡೆಲ್ ಆಪ್ಟಿಪ್ಲೆಕ್ಸ್ 7010 ಅಥವಾ 9020ರಲ್ಲಿ, ಎರಡು ಡಿಸ್‌ಪ್ಲೇಪೋರ್ಟ್, ಒಂದು ವಿಜಿಎ ಇರುತ್ತವೆ. ಎಚ್‌ಡಿಎಂಐ ಇರುವುದೇ ಇಲ್ಲ. ಮಾನಿಟರ್‌ನಲ್ಲಿ ಎಚ್‌ಡಿಎಂಐ, ವಿಜಿಎ ಇದ್ದರೆ ಇಬ್ಬರಿಗೂ ಕಾಮನ್ ಆಗಿ ಉಳಿಯುವುದು ವಿಜಿಎ ಒಂದೇ. ಅದನ್ನೇ ಸಿಕ್ಕಿಸಿ ವರ್ಷಗಟ್ಟಲೆ ಮಸುಕಾದ ಅಕ್ಷರ ನೋಡುತ್ತಾ ಕೂರುವವರು ಬಹಳ ಜನ. ಇದಕ್ಕೆ ಸುಲಭದ ಪರಿಹಾರ ಇದೆ, ಮುಂದೆ ಹೇಳುತ್ತೇನೆ.

ಸಿಪಿಯು ಒಳಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಹಿಂದೆ ಎರಡು ಕಡೆ ವಿಡಿಯೋ ಪೋರ್ಟ್ ಕಾಣುತ್ತದೆ. ಮೇಲ್ಭಾಗದಲ್ಲಿ ಯುಎಸ್‌ಬಿ ಪಕ್ಕ ಇರುವುದು ಮದರ್‌ಬೋರ್ಡಿನದು. ಕೆಳಗೆ ಪ್ರತ್ಯೇಕ ಪಟ್ಟಿಯಲ್ಲಿ ಇರುವುದು ಕಾರ್ಡಿನದು. ಮಾನಿಟರ್ ಕೇಬಲ್ ಕಾರ್ಡಿಗೇ ಹೋಗಬೇಕು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಆಗ ಮದರ್‌ಬೋರ್ಡ್ ಪೋರ್ಟಿಗೆ ಏನೇ ಚುಚ್ಚಿದರೂ ಚಿತ್ರ ಬರುವುದಿಲ್ಲ. ಮಾನಿಟರ್ ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಡುವ ಮುಂಚೆ ಇದನ್ನೊಮ್ಮೆ ನೋಡಿ.

ಎರಡನೇ ಹೆಜ್ಜೆ: ಯಾವ ದಾರಿಗೆ ಎಷ್ಟು ತಾಕತ್ತು

ವಿಜಿಎ 1987ರಲ್ಲಿ ಐಬಿಎಂ ಕಂಪನಿಯ ಪಿಎಸ್/2 ಕಂಪ್ಯೂಟರ್‌ಗಳ ಜೊತೆ ಬಂದದ್ದು. ಆಗಿನದು ಡಬ್ಬದಂಥ ಪಿಕ್ಚರ್ ಟ್ಯೂಬ್ ಮಾನಿಟರ್‌ಗಳ ಕಾಲ. ಅದಕ್ಕೆ ತಕ್ಕಂತೆ ಬಣ್ಣವನ್ನು ವೋಲ್ಟೇಜಿನ ಏರಿಳಿತವಾಗಿ ತಂತಿಯಲ್ಲಿ ಕಳಿಸುತ್ತಿದ್ದರು. ಈಗ ಕಂಪ್ಯೂಟರ್ ಒಳಗೆ ಇರುವುದು ಅಂಕಿ, ಎಲ್‌ಇಡಿ ಮಾನಿಟರ್‌ಗೆ ಬೇಕಾಗಿರುವುದೂ ಅಂಕಿ. ನಡುವೆ ವಿಜಿಎ ಬಂದರೆ ಅಂಕಿ ವೋಲ್ಟೇಜ್ ಆಗಬೇಕು, ಮಾನಿಟರ್ ಅದನ್ನು ಅಳೆದು ಮತ್ತೆ ಅಂಕಿ ಮಾಡಬೇಕು. ಫುಲ್ ಎಚ್‌ಡಿ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆ. ಸೆಕೆಂಡಿಗೆ 60 ಸಲ ಅಷ್ಟನ್ನೂ ಅಳೆಯಬೇಕು. ಅಳೆಯುವ ಕ್ಷಣ ಒಂಚೂರು ಆಚೀಚೆ ಆದರೂ ಒಂದು ಚುಕ್ಕೆಯ ಬಣ್ಣ ಪಕ್ಕದ್ದಕ್ಕೆ ಸೋರುತ್ತದೆ.

ಇಂಗ್ಲಿಷ್ ಅಕ್ಷರ ಓದುವವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಒಂದು ಪರೀಕ್ಷೆ ಮಾಡಿ. ನುಡಿಯಲ್ಲೋ ಬರಹದಲ್ಲೋ, ಇಲ್ಲ ಸುಮ್ನೆ ನೋಟ್‌ಪ್ಯಾಡ್‌ನಲ್ಲೋ, ‘ರಾಷ್ಟ್ರ’, ‘ಸ್ತ್ರೀ’, ‘ಅರ್ಘ್ಯ’, ‘ಲಕ್ಷ್ಮಿ’ ಅಂತ ಬರೆದು ಅಕ್ಷರದ ಅಳತೆ 10 ಅಥವಾ 11ಕ್ಕೆ ಇಳಿಸಿ. ವಿಜಿಎ ಸರಿಯಾಗಿ ಕೂತಿಲ್ಲದಿದ್ದರೆ ‘ಷ್ಟ್ರ’ದ ಕೆಳಗಿನ ಎರಡು ಒತ್ತು ಒಂದಕ್ಕೊಂದು ಅಂಟಿಕೊಂಡು ಕರಿ ಕಲೆಯಂತೆ ಕಾಣುತ್ತವೆ. ಅರ್ಕಾವೊತ್ತಿನ ಬಾಲ ಎರಡೆರಡಾಗಿ ಕಾಣುತ್ತದೆ. ಅದೇ ಮಾನಿಟರ್‌ಗೆ ಎಚ್‌ಡಿಎಂಐ ಹಾಕಿ ಅದೇ ಸಾಲನ್ನು ನೋಡಿ. ಒತ್ತಕ್ಷರದ ಪ್ರತಿ ತಿರುವೂ ಬಿಡಿಯಾಗಿ ಕಾಣುತ್ತದೆ. ಪಹಣಿ, ಕ್ರಯಪತ್ರ, ಲಗ್ನಪತ್ರಿಕೆ ಅಂತ ದಿನವಿಡೀ ಕನ್ನಡ ಅಕ್ಷರ ತಿದ್ದುವವರ ಕಣ್ಣಿಗೆ ಇದು ಸಣ್ಣ ವಿಷಯವಲ್ಲ. ಪ್ರಿಂಟ್ ಆದ ಮೇಲೆ ತಪ್ಪು ಸಿಕ್ಕಿದರೆ ನಷ್ಟ ಯಾರದ್ದು ಅಲ್ವಾ?

ವಿಜಿಎ ಬಿಟ್ಟರೆ ಬೇರೆ ದಾರಿ ಇಲ್ಲ ಅನ್ನುವ ಹಳೆಯ ಸಿಪಿಯು ನಿಮ್ಮದಾಗಿದ್ದರೆ, ಪರದೆ ತುಂಬ ಅಕ್ಷರ ಇರುವ ಒಂದು ಬಿಳಿ ಪುಟ ತೆರೆದು ಮಾನಿಟರ್‌ನ ‘ಆಟೋ’ ಬಟನ್ ಒತ್ತಿ. ಅದು ಅಳೆಯುವ ಕ್ಷಣವನ್ನು ಹೊಂದಿಸಿಕೊಳ್ಳುತ್ತದೆ. ಖಾಲಿ ಕರಿ ಪರದೆ ಇಟ್ಟು ಒತ್ತಿದರೆ ಅದಕ್ಕೆ ಅಂಚು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಅಷ್ಟಕ್ಕೂ ಸರಿಯಾಗದಿದ್ದರೆ ಮೆನುವಿನಲ್ಲಿ ‘ಫೇಸ್’ (Phase) ಅನ್ನುವುದನ್ನು ಒಂದೊಂದೇ ಮೆಟ್ಟಿಲು ಸರಿಸಿ, ಒತ್ತಕ್ಷರ ಬಿಡಿಬಿಡಿಯಾಗುವವರೆಗೆ. ವಿಂಡೋಸ್‌ನಲ್ಲಿ ರೆಸಲ್ಯೂಷನ್ 1920×1080 ಇದೆಯೇ ಅಂತಲೂ ನೋಡಿ. 2010ರಲ್ಲೇ ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಸೇರಿಕೊಂಡು, 2015ರ ಹೊತ್ತಿಗೆ ವಿಜಿಎಯನ್ನು ಹಂತಹಂತವಾಗಿ ಬಿಡುತ್ತೇವೆ ಅಂತ ಹೇಳಿದ್ದವು. ಕಡಿಮೆ ಬೆಲೆಯ ಮಾನಿಟರ್‌ಗಳಲ್ಲಿ ಅದು ಇನ್ನೂ ಉಳಿದಿದೆ. ಹಳೆಯ ಸಿಪಿಯು, ಡಿವಿಆರ್ ಇಟ್ಟುಕೊಂಡವರಿಗೆ ಅದರಿಂದ ಉಪಕಾರವೂ ಇದೆ. ಆದರೆ ವಿಜಿಎ ಮಾತ್ರ ಇರುವ ಮಾನಿಟರ್ ಎಷ್ಟೇ ಅಗ್ಗಕ್ಕೆ ಬಂದರೂ ಈಗ ಕೊಳ್ಳಬೇಡಿ.

ಎಚ್‌ಡಿಎಂಐ ಅಂಕಿಯನ್ನು ಅಂಕಿಯಾಗಿಯೇ ಕಳಿಸುತ್ತದೆ, ಜೊತೆಗೆ ಧ್ವನಿಯನ್ನೂ ಒಯ್ಯುತ್ತದೆ. 2009ರ 1.4 ಆವೃತ್ತಿ ಫುಲ್ ಎಚ್‌ಡಿಗೆ ಧಾರಾಳವಾಗಿ ಸಾಕು. 4ಕೆ, ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆ ಇರುವ ಪರದೆ, ಆದರೆ ಅದರಲ್ಲಿ ಸೆಕೆಂಡಿಗೆ 30 ಚಿತ್ರ ಮಾತ್ರ. 60 ಬೇಕಾದರೆ 2013ರ 2.0 ಬೇಕು. 22 ಇಂಚಿನ ಮಾನಿಟರ್ ಕೊಳ್ಳುವವರು ಈ ಆವೃತ್ತಿಯ ಸಂಖ್ಯೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 

ಡಿಸ್‌ಪ್ಲೇಪೋರ್ಟ್ 2006ರಲ್ಲಿ ಬಂದದ್ದು, ಕಂಪ್ಯೂಟರ್‌ಗೆ ಅಂತಲೇ ಮಾಡಿದ್ದು. 100 ಅಥವಾ 144 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುವ, ಮಾನಿಟರ್ ತೆಗೆದುಕೊಳ್ಳುವವರು, ಗೇಮ್ ಆಡುವ ಇಂಜಿನಿಯರಿಂಗ್ ಹುಡುಗರು, ಇದು ಇರುವುದನ್ನೇ ಹುಡುಕಿ. ಕೆಲವು ಮಾನಿಟರ್‌ಗಳಲ್ಲಿ ಡಬ್ಬದ ಮೇಲೆ ಬರೆದ ಪೂರ್ತಿ ಹರ್ಟ್ಜ್ ಸಿಗುವುದು ಡಿಸ್‌ಪ್ಲೇಪೋರ್ಟ್‌ನಲ್ಲಿ ಮಾತ್ರ, ಎಚ್‌ಡಿಎಂಐನಲ್ಲಿ ಕಡಿಮೆ. ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್ ಇದ್ದು ಫ್ರೀಸಿಂಕ್ ಮಾನಿಟರ್ ಕೊಂಡರೆ, ಚಿತ್ರ ಹರಿಯದಂತೆ ನೋಡಿಕೊಳ್ಳುವ ಆ ಸೌಲಭ್ಯವೂ ಈ ಬೆಲೆಯಲ್ಲಿ ಸಾಮಾನ್ಯವಾಗಿ ಡಿಸ್‌ಪ್ಲೇಪೋರ್ಟ್ ಮೂಲಕವೇ ಸಿಗುವುದು. ಕೇಬಲ್ ತೆಗೆಯುವಾಗ ಒಂದು ಎಚ್ಚರ. ಬಹಳಷ್ಟು ಡಿಸ್‌ಪ್ಲೇಪೋರ್ಟ್ ಕೇಬಲ್‌ಗೆ ಚಿಕ್ಕ ಕೊಂಡಿ ಇರುತ್ತದೆ, ಮೇಲಿನ ಬಟನ್ ಅದುಮಿಯೇ ಎಳೆಯಬೇಕು. ಸುಮ್ನೆ ಜಗ್ಗಿದರೆ ಪೋರ್ಟೇ ಕಿತ್ತು ಬರಬಹುದು.

ಡಿವಿಐ ಈಗ ಹೊಸ ಮಾನಿಟರ್‌ಗಳಲ್ಲಿ ಅಪರೂಪ. ಹಳೆಯ ಕಾರ್ಡಿನಲ್ಲಿದ್ದರೆ ಡಿವಿಐನಿಂದ ಎಚ್‌ಡಿಎಂಐಗೆ ಸಾದಾ ಕೇಬಲ್ ಸಾಕು, ಚಿತ್ರದ ಸಿಗ್ನಲ್ ಎರಡರಲ್ಲೂ ಒಂದೇ. ಧ್ವನಿಯನ್ನು ಮಾತ್ರ ನಂಬಿಕೊಳ್ಳಬೇಡಿ.

ಟೈಪ್-ಸಿ ವಿಷಯದಲ್ಲಿ ಗೊಂದಲ ಜಾಸ್ತಿ. ಪೋರ್ಟಿನ ಆಕಾರ ಒಂದೇ ಆದರೂ ಎಲ್ಲ ಟೈಪ್-ಸಿ ಪೋರ್ಟಿನಿಂದಲೂ ಚಿತ್ರ ಬರುವುದಿಲ್ಲ. ಪಕ್ಕದಲ್ಲಿ ‘ಡಿಪಿ’ ಗುರುತು ಅಥವಾ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತು ಇದ್ದರೆ ಬರುತ್ತದೆ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಮಾಡೆಲ್‌ನ ವಿವರದಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಅಂತ ಇದೆಯೇ ನೋಡಿಕೊಳ್ಳಿ. ಇನ್ನೊಂದು, ಮೊಬೈಲ್ ಜೊತೆ ಬಂದ ಚಾರ್ಜಿಂಗ್ ಕೇಬಲ್‌ನಲ್ಲಿ ಸಾಮಾನ್ಯವಾಗಿ ಚಿತ್ರ ಒಯ್ಯುವ ತಂತಿಗಳೇ ಇರುವುದಿಲ್ಲ. ಒಂದೇ ಕೇಬಲ್‌ನಲ್ಲಿ ಚಿತ್ರವೂ ಬಂದು ಲ್ಯಾಪ್‌ಟಾಪ್ ಚಾರ್ಜೂ ಆಗುವ ಮಾನಿಟರ್‌ಗಳು ಚೆನ್ನಾಗಿವೆ, ಆದರೆ ಬೆಲೆ ಒಂದು ಮೆಟ್ಟಿಲು ಮೇಲೆ.

ಮೂರನೇ ಹೆಜ್ಜೆ: ಕನ್ವರ್ಟರ್‌ಗೆ ದಿಕ್ಕು ಇದೆ

‘ತಾಳೆ ಆಗದಿದ್ರೆ ಏನಾಯ್ತು ಸಾರ್, ಒಂದು ಕನ್ವರ್ಟರ್ ಹಾಕ್ಕೊಳ್ಳಿ’ ಅನ್ನುವ ಮಾತು ಅರ್ಧ ಮಾತ್ರ ನಿಜ. ಕನ್ವರ್ಟರ್ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಕೇಳುವಾಗ ಯಾವಾಗಲೂ ‘ಕಂಪ್ಯೂಟರ್ ಕಡೆ ಇದು, ಮಾನಿಟರ್ ಕಡೆ ಇದು’ ಅಂತ ಹೇಳಿ.

ಮೊದಲು ಹೇಳಿದ ಸೆಕೆಂಡ್ ಹ್ಯಾಂಡ್ ಆಪ್ಟಿಪ್ಲೆಕ್ಸ್‌ಗೆ ಬೇಕಾದದ್ದು ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್. ಇದು ಸುಲಭದ ದಿಕ್ಕು. ಆ ಡಿಸ್‌ಪ್ಲೇಪೋರ್ಟ್‌ಗೇ ಎಚ್‌ಡಿಎಂಐ ಸಿಗ್ನಲ್ ಕೊಡುವುದು ಗೊತ್ತಿದೆ. ಕೇಬಲ್ ಅಗ್ಗ, ಚಿತ್ರ ಸ್ಪಷ್ಟ, ಧ್ವನಿಯೂ ಬರುತ್ತದೆ. ಡಿಟಿಪಿ ಮಾಡುವವರು ವಿಜಿಎ ಕೇಬಲ್ ತೆಗೆದು ಇದನ್ನು ಹಾಕಿಕೊಂಡರೆ ಹೊಸ ಮಾನಿಟರ್ ತಂದಷ್ಟು ವ್ಯತ್ಯಾಸ ಕಾಣುತ್ತದೆ.

ತಿರುಗಾ ದಿಕ್ಕು, ಅಂದರೆ ಲ್ಯಾಪ್‌ಟಾಪ್‌ನ ಎಚ್‌ಡಿಎಂಐನಿಂದ ಮಾನಿಟರ್‌ನ ಡಿಸ್‌ಪ್ಲೇಪೋರ್ಟ್‌ಗೆ, ಮೇಲಿನ ಕೇಬಲ್ ಕೆಲಸಕ್ಕೆ ಬರುವುದಿಲ್ಲ. ಒಳಗೆ ಚಿಪ್ ಇರುವ, ಯುಎಸ್‌ಬಿಯಿಂದ ಕರೆಂಟ್ ಕೊಡಬೇಕಾದ ಕನ್ವರ್ಟರ್ ಬೇಕು. ಅದರ ಬೆಲೆ ನೋಡಿದರೆ ಎಚ್‌ಡಿಎಂಐ ಇರುವ ಮಾನಿಟರ್ ಕೊಳ್ಳುವುದೇ ವಾಸಿ.

ಕಂಪ್ಯೂಟರ್‌ನಲ್ಲಿ ಎಚ್‌ಡಿಎಂಐ, ಮಾನಿಟರ್‌ನಲ್ಲಿ ವಿಜಿಎ ಆದರೆ ಚಿಕ್ಕ ಕನ್ವರ್ಟರ್ ನಡೆಯುತ್ತದೆ. ಅದು ಬೇಕಾದ ಕರೆಂಟನ್ನು ಎಚ್‌ಡಿಎಂಐ ಪೋರ್ಟಿನಿಂದಲೇ ಎಳೆದುಕೊಳ್ಳುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಸಾಲದೆ ಚಿತ್ರ ಆಗಾಗ ಹೋಗಿ ಬರುತ್ತದೆ. ಹಾಗಾಗಿ ಯುಎಸ್‌ಬಿ ಕರೆಂಟ್ ಕೊಡುವ ತೂತು ಇರುವಂಥದ್ದನ್ನೇ ಕೇಳಿ. ಉಲ್ಟಾ, ಅಂದರೆ ಹಳೆ ಸಿಪಿಯು ವಿಜಿಎಯಿಂದ ಹೊಸ ಮಾನಿಟರ್‌ನ ಎಚ್‌ಡಿಎಂಐಗೆ ಹೋಗಬೇಕಾದರೆ ಬೇರೆಯೇ ಪೆಟ್ಟಿಗೆ ಬೇಕು, ಕರೆಂಟೂ ಬೇಕು, ಧ್ವನಿಗೆ ಇನ್ನೊಂದು ತಂತಿ ಬೇಕು, ಚಿತ್ರವೂ ಅಷ್ಟಕ್ಕಷ್ಟೇ. ಸಾದಾ ಯುಎಸ್‌ಬಿ ಪೋರ್ಟಿನಿಂದ ಎಚ್‌ಡಿಎಂಐ ಮಾಡಿಕೊಡುವ ಕನ್ವರ್ಟರ್‌ಗಳಿಗೆ ಕಂಪ್ಯೂಟರ್‌ನಲ್ಲಿ ಡ್ರೈವರ್ ಅನ್ನುವ ಸಾಫ್ಟ್‌ವೇರ್ ಹಾಕಬೇಕು. ಟ್ಯಾಲಿ, ಎಕ್ಸೆಲ್‌ಗೆ ಓಕೆ. ಗೇಮ್‌ಗೆ ಬೇಡ.

ನಾಲ್ಕನೇ ಹೆಜ್ಜೆ: ಅಂಗಡಿಯಲ್ಲಿ

ಮಾನಿಟರ್ ತಿರುಗಿಸಿ ತೋರಿಸಲು ಕೇಳಿ. ಸಂಕೋಚ ಬೇಡ. ‘ಅಣ್ಣ, ಡಬ್ಬದಲ್ಲಿ ಯಾವ ಕೇಬಲ್ ಬರುತ್ತೆ?’ ಅನ್ನುವುದು ಮರೆಯಬಾರದ ಪ್ರಶ್ನೆ. ಎರಡು ಪೋರ್ಟ್ ಇದ್ದರೂ ಡಬ್ಬದಲ್ಲಿ ಒಂದೇ ಕೇಬಲ್ ಇಡುವುದು ಸಾಮಾನ್ಯ. ಅದು ವಿಜಿಎ ಆಗಿದ್ದರೆ ಅಲ್ಲೇ ಒಂದು ಎಚ್‌ಡಿಎಂಐ ಕೇಬಲ್ ಕೊಂಡುಬಿಡಿ, ಒಂದೂವರೆ ಮೀಟರ್ ಸಾಕು. ಚಿನ್ನದ ಲೇಪನ ಇದ್ದರೆ ಬಣ್ಣ ಚೆನ್ನಾಗಿ ಬರುತ್ತದೆ ಅನ್ನುವುದಕ್ಕೆ ದುಡ್ಡು ಕೊಡಬೇಡಿ. ಇಂಥ ಕೇಬಲ್‌ನಲ್ಲಿ ಚಿತ್ರ ಸರಿಯಾಗಿ ಬರುತ್ತದೆ, ಇಲ್ಲವೇ ಮಿಣಮಿಣ ಚುಕ್ಕೆ ಬಂದು ಕಟ್ ಆಗುತ್ತದೆ. ಬಣ್ಣ ಮಾತ್ರ ಕಳೆಗುಂದುವುದಿಲ್ಲ.

ಧ್ವನಿಯನ್ನೂ ಕೇಳಿಕೊಳ್ಳಿ. ಸ್ಪೀಕರ್ ಇಲ್ಲದ ಮಾನಿಟರ್ ಆದರೆ ಹಿಂದೆ ಹೆಡ್‌ಫೋನ್ ತೂತು ಇದೆಯೇ ನೋಡಿ. ಇದ್ದರೆ ಎಚ್‌ಡಿಎಂಐನಿಂದ ಬಂದ ಧ್ವನಿಯನ್ನು ಅಲ್ಲಿಂದ ಸ್ಪೀಕರ್‌ಗೆ ಕೊಡಬಹುದು. ಸೆಟ್‌ಟಾಪ್ ಬಾಕ್ಸ್ ಹಾಕಿ ಮಾನಿಟರನ್ನೇ ಟಿವಿ ಮಾಡಿಕೊಳ್ಳಬೇಕು ಅಂತ ಇರುವ ಪಿಜಿ, ಹಾಸ್ಟೆಲ್ ಹುಡುಗರಿಗೆ ಇದು ಬೇಕೇ ಬೇಕು.

ನನ್ನ ಆಯ್ಕೆ ಹೀಗೆ. ಒಂದೇ ಕಂಪ್ಯೂಟರ್ ಇರುವ ಮನೆಗೆ ಎಚ್‌ಡಿಎಂಐ ಜೊತೆ ಡಿಸ್‌ಪ್ಲೇಪೋರ್ಟ್. ಮನೆಯಿಂದ ಕೆಲಸ ಮಾಡುತ್ತಾ ಆಫೀಸಿನ ಲ್ಯಾಪ್‌ಟಾಪ್, ಸ್ವಂತ ಸಿಪಿಯು ಎರಡನ್ನೂ ಸೇರಿಸುವವರಿಗೆ ಎರಡು ಎಚ್‌ಡಿಎಂಐ ಇರುವುದು. ಡಿವಿಆರ್‌ಗೂ ಹಳೆ ಸಿಪಿಯುಗೂ ಸೇರಿ ಒಂದೇ ಮಾನಿಟರ್ ಇಡುವ ತೋಟದ ಆಫೀಸಿಗೆ ಎಚ್‌ಡಿಎಂಐ ಜೊತೆ ವಿಜಿಎ. ಅಲ್ಲಿ ಡಿವಿಆರನ್ನು ವಿಜಿಎಗೆ ಹಾಕಿ, ರೈಟರ್ ಲೆಕ್ಕ ಬರೆಯುವ ಕಂಪ್ಯೂಟರ್‌ಗೆ ಎಚ್‌ಡಿಎಂಐ ಬಿಟ್ಟುಕೊಡಿ.

ಐದನೇ ಹೆಜ್ಜೆ: ಜೋಡಿಸುವುದು

ಕೇಬಲ್ ಚುಚ್ಚುವ ಮೊದಲು ಸಿಪಿಯು, ಮಾನಿಟರ್ ಎರಡರ ಸ್ವಿಚ್ಚನ್ನೂ ಗೋಡೆಯಲ್ಲೇ ಆರಿಸಿ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿರುವುದಿಲ್ಲ. ಸಿಪಿಯು ಡಬ್ಬ ಮುಟ್ಟಿದರೆ ಜುಂ ಅನ್ನುವುದು ಅದಕ್ಕೇ. ಆ ಸ್ಥಿತಿಯಲ್ಲಿ ಕರೆಂಟ್ ಇರುವಾಗಲೇ ಎಚ್‌ಡಿಎಂಐ ಚುಚ್ಚಿದರೆ ಸೋರಿಕೆಯ ಕರೆಂಟ್ ಪೋರ್ಟಿನ ಮೂಲಕ ಹರಿದು ಅದನ್ನು ಸುಡಬಹುದು. ಲೈನ್‌ಮನ್ ಅಲ್ಲದಿದ್ದರೂ ಒಬ್ಬ ವೈರಿಂಗ್‌ನವರನ್ನು ಕರೆಸಿ ಅರ್ಥಿಂಗ್ ನೋಡಿಸಿ. ಸಿಪಿಯು, ಮಾನಿಟರ್ ಎರಡನ್ನೂ ಮೂರು ಪಿನ್ನಿನ ಒಂದೇ ಬೋರ್ಡಿಗೆ ಹಾಕಿ.

ಆನ್ ಮಾಡಿದ ಮೇಲೆ ಚಿತ್ರ ಬಾರದಿದ್ದರೆ ಮಾನಿಟರ್ ಮೆನುವಿನಲ್ಲಿ ‘ಇನ್‌ಪುಟ್’ ಅಥವಾ ‘ಸೋರ್ಸ್’ ಸರಿಯಿದೆಯೇ ನೋಡಿ. ಕೇಬಲ್ ಇರುವುದು ಎಚ್‌ಡಿಎಂಐನಲ್ಲಿ, ಮಾನಿಟರ್ ಕಾಯುತ್ತಿರುವುದು ವಿಜಿಎಗೆ ಆಗಿರಬಹುದು. ಲ್ಯಾಪ್‌ಟಾಪ್ ಆದರೆ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಡೂಪ್ಲಿಕೇಟ್’ ಅಥವಾ ‘ಎಕ್ಸ್‌ಟೆಂಡ್’ ಆರಿಸಿ.

ಚಿತ್ರ ಬಂತು ಅಂತ ಅಲ್ಲಿಗೇ ಬಿಡಬೇಡಿ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ. 100 ಹರ್ಟ್ಜ್ ಅಂತ ದುಡ್ಡು ಕೊಟ್ಟು ತಂದ ಮಾನಿಟರ್ ಅಲ್ಲಿ 60ರಲ್ಲೇ ಓಡುತ್ತಿರುವುದು ತೀರಾ ಸಾಮಾನ್ಯ. ಪಟ್ಟಿಯಿಂದ 100 ಆರಿಸಿ. ಎಚ್‌ಡಿಎಂಐನಲ್ಲಿ ಕಪ್ಪು ಬಣ್ಣ ಬೂದಿಯಂತೆ ಕಂಡರೆ ಕಂಪ್ಯೂಟರ್ ಮಾನಿಟರನ್ನು ಟಿವಿ ಅಂದುಕೊಂಡಿದೆ. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಬಣ್ಣದ ರೇಂಜ್ ‘ಲಿಮಿಟೆಡ್’ ಇದ್ದರೆ ‘ಫುಲ್’ ಮಾಡಿ. ಕೆಲವು ಮಾನಿಟರ್‌ಗಳ ಮೆನುವಿನಲ್ಲಿ ‘ಪಿಸಿ’, ‘ಎವಿ’ ಅಂತ ಎರಡು ಮೋಡ್ ಇರುತ್ತವೆ, ‘ಪಿಸಿ’ ಇಡಿ. ಎಚ್‌ಡಿಎಂಐ ಹಾಕಿದ ಕೂಡಲೇ ಸ್ಪೀಕರ್ ಧ್ವನಿ ಹೋದರೆ ಗಾಬರಿ ಬೇಡ. ಧ್ವನಿ ಮಾನಿಟರ್ ಕಡೆ ಹೋಗಿದೆ. ಕೆಳಗಿನ ಸ್ಪೀಕರ್ ಗುರುತು ಒತ್ತಿ ಹಳೆಯ ಸ್ಪೀಕರನ್ನು ಮತ್ತೆ ಆರಿಸಿ.

ಚಿತ್ರವೇ ಇಲ್ಲ ಅಂದಾಗ

ದೋಷ ಯಾರದ್ದು ಅಂತ ಮೊದಲು ಬೇರ್ಪಡಿಸಿ. ಮಾನಿಟರ್‌ನಿಂದ ಎಲ್ಲ ವಿಡಿಯೋ ಕೇಬಲ್ ಕಿತ್ತು ಆನ್ ಮಾಡಿ. ‘ನೋ ಸಿಗ್ನಲ್’ ಅಂತ ತಾನೇ ಬರೆದು ತೋರಿಸಿದರೆ ಪರದೆ ಜೀವಂತ ಇದೆ. ಆಮೇಲೆ ಸಿಪಿಯುಗೆ ಹಾಕಿದ್ದ ಅದೇ ಎಚ್‌ಡಿಎಂಐ ಕೇಬಲ್‌ನಿಂದ ಸೆಟ್‌ಟಾಪ್ ಬಾಕ್ಸನ್ನು ಮಾನಿಟರ್‌ಗೆ ಚುಚ್ಚಿ. ಚಿತ್ರ ಬಂದರೆ ಮಾನಿಟರ್ ಪೋರ್ಟೂ ಸರಿ, ಕೇಬಲ್ಲೂ ಸರಿ, ತೊಂದರೆ ಸಿಪಿಯು ಕಡೆ. ಮಳೆಗಾಲದ ತಂಪಿಗೆ ರ‍್ಯಾಮ್‌ನ ಅಂಚು ಮಂಕಾಗಿ ಸಿಪಿಯು ಫ್ಯಾನ್ ತಿರುಗಿದರೂ ಚಿತ್ರ ಬಾರದೇ ಇರುವುದು ಚಿಕ್ಕಮಗಳೂರು, ಮೂಡಿಗೆರೆ ಕಡೆಯವರಿಗೆ ಗೊತ್ತಿರುವ ವಿಷಯ. ಸ್ವಿಚ್ ಆರಿಸಿ, ರ‍್ಯಾಮ್ ತೆಗೆದು, ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ಬಹಳ ಸಲ ಸರಿಹೋಗುತ್ತದೆ.

‘ಔಟ್ ಆಫ್ ರೇಂಜ್’ ಅಂತ ಬಂದರೆ ಕಂಪ್ಯೂಟರ್ ಕಳಿಸುತ್ತಿರುವುದು ಮಾನಿಟರ್‌ಗೆ ಆಗದಷ್ಟು. ಸೇಫ್ ಮೋಡ್‌ಗೆ ಹೋಗಿ ರೆಸಲ್ಯೂಷನ್ ಇಳಿಸಿ. ವಿಜಿಎಯಲ್ಲಿ ಚಿತ್ರ ಪೂರ್ತಿ ಹಳದಿಗೋ ನೀಲಿಗೋ ತಿರುಗಿದರೆ ಒಂದು ಬಣ್ಣದ ಪಿನ್ ಬಗ್ಗಿದೆ ಅಥವಾ ಕಿಲುಬು ಹಿಡಿದಿದೆ. ಕೇಬಲ್ ತೆಗೆದು 15 ಪಿನ್‌ಗಳನ್ನೂ ಬೆಳಕಿನಲ್ಲಿ ನೋಡಿ. ಒಂದು ಜಾಗ ಖಾಲಿ ಇದ್ದರೆ ಅದು ಮುರಿದದ್ದೇ ಆಗಬೇಕೆಂದಿಲ್ಲ, ಮಧ್ಯದ ಸಾಲಿನ 9ನೇ ಪಿನ್ ಬಹಳ ಕೇಬಲ್‌ಗಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ.

ಸಿಡಿಲು ಮತ್ತು ತಂಪು

ಕಾಫಿಗೆ ಹೂಮಳೆ ಬೇಕು. ಆದರೆ ಮಾರ್ಚ್‌ನಿಂದ ಮೇ ತನಕದ ಆ ಮಳೆ ಗುಡುಗು ಸಿಡಿಲಿನ ಜೊತೆ ಬರುತ್ತದೆ. ಸಿಡಿಲಿನ ಹೊಡೆತ ಕರೆಂಟ್ ತಂತಿಯಲ್ಲಿ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ. ತೋಟದ ಗೇಟಿನ ತನಕ ಎಳೆದ ಕ್ಯಾಮೆರಾ ತಂತಿಯಿಂದ ಡಿವಿಆರ್‌ಗೆ, ಅಲ್ಲಿಂದ ವಿಡಿಯೋ ಕೇಬಲ್ ಹಿಡಿದು ಮಾನಿಟರ್‌ಗೆ ಬರಬಹುದು. ಸ್ವಿಚ್ ಆರಿಸಿದರೂ ಆ ದಾರಿ ತೆರೆದೇ ಇರುತ್ತದೆ. ಮೋಡ ಕಟ್ಟುವಾಗಲೇ, ಗುಡುಗು ಕೇಳಿಸುವ ಮುಂಚೆಯೇ ಪ್ಲಗ್ ಕಿತ್ತು, ಡಿವಿಆರ್‌ನಿಂದ ಮಾನಿಟರ್‌ಗೆ ಬರುವ ಕೇಬಲ್ಲನ್ನೂ ಬಿಡಿಸಿಡಿ. ಗುಡುಗು ಸಿಡಿಲು ಶುರುವಾದ ಮೇಲೆ ತಂತಿ ಮುಟ್ಟಲು ಹೋಗಬೇಡಿ.

ಜೂನ್ ಬಂದ ಮೇಲೆ ತಂಪಿನ ಕಾಟ. ಉಪಯೋಗಿಸದ ಪೋರ್ಟ್‌ಗಳಿಗೆ ಡಬ್ಬದಲ್ಲಿ ಬಂದ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಬಿಸಾಡದೆ ಹಾಗೇ ಬಿಡಿ. ವಾರಗಟ್ಟಲೆ ಬಳಸದ ಮಾನಿಟರನ್ನೂ ದಿನಕ್ಕೊಂದು ಸಲ ಸ್ವಲ್ಪ ಹೊತ್ತು ಆನ್ ಮಾಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಹೆಚ್ಚಿನ ಕೇಬಲ್‌ಗಳನ್ನು ಗೋಡೆಗೆ ಒರಗಿಸಿಡದೆ, ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಯಾವ ಕೇಬಲ್ ಯಾವ ದಿಕ್ಕಿನದು ಅಂತ ಒಂದು ಚೀಟಿ ಅಂಟಿಸಿಟ್ಟರೆ ಮುಂದಿನ ಸಲ ಹುಡುಕುವ ಕೆಲಸ ಇಲ್ಲ.